ಅರವತ್ತೆರಡು ಪರ್ಸೆಂಟ್ ಅಂದ್ರ ಅಮೆರಿಕಾದಾಗ ಎಷ್ಟು?

ಅಮೆರಿಕಾದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಕಾಲ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರಿಂದ ನನಗೆ ಒಂದೇ ನಮೂನಿ ಫೋನು ಬರುತ್ತವೆ. "ಅಣ್ಣಾ, ಅರ್ಜಿಯೊಳಗ ಜಿಪಿಎ ಎಷ್ಟು ಅಂತ ಕೇಳ್ಯಾರ, ನಾಲ್ಕರಾಗ ಹೇಳಬೇಕಂತ. ನಂದು ಅರವತ್ತೆರಡು ಪರ್ಸೆಂಟ್ ಐತಿ. ಎಷ್ಟು ಬರೀಲಿ?"

ಹುಡುಗ ಎಂಜಿನಿಯರಿಂಗ್ ಓದಿದವನು, ತ್ರೈರಾಶಿ ಬರುತ್ತದೆ. ನೂರಕ್ಕೆ ನಾಲ್ಕು ಆದರೆ ಅರವತ್ತೆರಡಕ್ಕೆ ಎಷ್ಟು? 2.48. ಅಲ್ಲಿನ ಬಹಳಷ್ಟು ಸ್ನಾತಕೋತ್ತರ ವಿಭಾಗಗಳು ಕನಿಷ್ಠ 3.0 ಇರಬೇಕು ಎಂದು ಬರೆದಿರುತ್ತವೆ. ಅಷ್ಟಕ್ಕೇ ಅವನು ಅರ್ಜಿ ಬಿಟ್ಟುಬಿಡುತ್ತಾನೆ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಊರಲ್ಲಿ ಪೇಢೆ ಹಂಚಿಸಿಕೊಂಡ ಹುಡುಗ ಒಂದು ಭಾಗಾಕಾರದಿಂದ ತನ್ನನ್ನು ತಾನೇ ಫೇಲ್ ಮಾಡಿಕೊಳ್ಳುತ್ತಾನೆ. ಬೆಂಗಳೂರಿನಲ್ಲಾದರೆ ಸೀನಿಯರ್‌ಗಳು ಇರುತ್ತಾರೆ, ಕನ್ಸಲ್ಟೆನ್ಸಿಗಳು ಇರುತ್ತವೆ, ಯಾರಾದರೂ ತಿದ್ದುತ್ತಾರೆ. ನಮ್ಮ ತಾಲೂಕುಗಳಲ್ಲಿ ತಿದ್ದುವವರು ಕಡಿಮೆ.

ಆ ಭಾಗಾಕಾರ ಯಾಕೆ ತಪ್ಪು ಅನ್ನೋದಕ್ಕೆ ಗಣಿತದಲ್ಲಿ ಉತ್ತರ ಇಲ್ಲ, ಇತಿಹಾಸದಲ್ಲಿ ಇದೆ. ನಮ್ಮ ಅಜ್ಜಂದಿರು ಹೊಲವನ್ನು ಕೂರಿಗೆ ಲೆಕ್ಕದಲ್ಲಿ ಹೇಳುತ್ತಿದ್ದರು. ಕೂರಿಗೆಯನ್ನು ಎಕರೆಗೆ ತಿರುಗಿಸಬೇಕಾದರೆ ಅದು ಯಾವ ಊರಿನ ಕೂರಿಗೆ, ಎಂಥಾ ಮಣ್ಣು ಅಂತ ಮೊದಲು ಕೇಳಬೇಕು. ಮಾರ್ಕ್ಸೂ ಹಂಗ. ಅರವತ್ತೆರಡು ಯಾವ ಊರಿನ ಅರವತ್ತೆರಡು ಎಂದು ಮೊದಲು ಕೇಳಬೇಕು.

ನಮ್ಮ ಅರವತ್ತೆರಡರ ಊರು ಲಂಡನ್. 1854ರಲ್ಲಿ ವುಡ್‌ನ ವರದಿ ಬಂತು, 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೂರಕ್ಕೂ ಮಾದರಿ ಆಗಿನ ಲಂಡನ್ ವಿಶ್ವವಿದ್ಯಾಲಯ. ಅದು ಪಾಠ ಹೇಳುವ ಸಂಸ್ಥೆ ಆಗಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ. ಪಾಠ ಕಾಲೇಜಿನಲ್ಲಿ, ಪರೀಕ್ಷೆ ವಿಶ್ವವಿದ್ಯಾಲಯದಲ್ಲಿ. ಪಾಠ ಹೇಳಿದ ಮಾಸ್ತರನಿಗೂ ಮಾರ್ಕ್ಸ್ ಹಾಕುವವನಿಗೂ ಸಂಬಂಧ ಇಲ್ಲ. ಎಲ್ಲೋ ಕುಳಿತ ಪರೀಕ್ಷಕ, ಮುಖ ನೋಡದ ಹುಡುಗನ ಉತ್ತರಪತ್ರಿಕೆಗೆ ಅಂಕ ಹಾಕುತ್ತಾನೆ. ಈ ಪದ್ಧತಿ ಇವತ್ತಿಗೂ ನಮ್ಮಲ್ಲಿ ಹೆಚ್ಚುಕಡಿಮೆ ಹಾಗೇ ಇದೆ.

ಇಂಥ ಪರೀಕ್ಷೆಯಲ್ಲಿ ನೂರು ಎನ್ನುವುದು ತೆಗೆಯೋದಕ್ಕೆ ಇರುವ ಅಂಕಿ ಆಗಿರಲಿಲ್ಲ. ಅದು ಆಕಾಶ. ಇತಿಹಾಸ, ತತ್ತ್ವಶಾಸ್ತ್ರ, ಭಾಷೆ ಇಂಥ ವಿಷಯಗಳಲ್ಲಿ ಎಪ್ಪತ್ತು ದಾಟುವುದೇ ಅಪರೂಪ. ಅದಕ್ಕೇ ಅಂಕಿಗಿಂತ ವರ್ಗ ಮುಖ್ಯವಾಯಿತು: ಪಾಸ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್. ಅರವತ್ತಕ್ಕೆ ಫಸ್ಟ್ ಕ್ಲಾಸ್ ಎಂಬ ಗೆರೆ ನಮ್ಮ ತಲೆಯಲ್ಲಿ ಕೂತದ್ದು ಈ ಮನೆತನದಿಂದ. ಕಲ್ಕತ್ತಾದಲ್ಲಿ 1858ರಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆದಾಗ ಪಾಸಾದವರು ಇಬ್ಬರೇ: ಬಂಕಿಮಚಂದ್ರ ಚಟರ್ಜಿ ಮತ್ತು ಜದುನಾಥ ಬೋಸ್. ಅವರಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಬೇಕಾಯಿತು. 'ವಂದೇ ಮಾತರಂ' ಬರೆದವರ ಪದವಿಯಲ್ಲೇ ಗ್ರೇಸ್ ಮಾರ್ಕ್ಸ್ ಇದೆ ಅಂದರೆ ಆ ಪರೀಕ್ಷೆಯ ಬಿಗುವು ಎಷ್ಟಿತ್ತು ಎಂದು ತಿಳಿಯುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ನಮ್ಮವರ ಹಣೆಬರಹ ಬರೆಯುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. ಆದರೆ ಅಲ್ಲಿಗೆ ಮುಟ್ಟುವ ದಾರಿ ಎರಡಾಗಿ ಒಡೆದಿತ್ತು. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿ ಇಂಗ್ಲಿಷ್ ಶಾಲೆಗೆ ಹೋದವನು ಇನ್ನೂ ಏಳು ವರ್ಷ ಓದಿ ಮ್ಯಾಟ್ರಿಕ್ಕಿಗೆ ಕೂಡುತ್ತಿದ್ದ. ಇಂಗ್ಲಿಷ್ ಶಾಲೆ ಪಟ್ಟಣಗಳಲ್ಲಿ, ಫೀ ಬೇರೆ. ಹಳ್ಳಿಯಲ್ಲೇ ಉಳಿದವನು ಕನ್ನಡ ಏಳನೆಯ ಇಯತ್ತೆಯವರೆಗೆ ಓದಿ ಮುಲ್ಕಿ ಪರೀಕ್ಷೆ ಕೊಡುತ್ತಿದ್ದ. ಮುಲ್ಕಿ ಆದವನಿಗೆ ಕನ್ನಡ ಸಾಲಿಯ ಮಾಸ್ತರಕಿ ಸಿಗುತ್ತಿತ್ತು, ತಲಾಠಿ ಕೆಲಸ ಸಿಗುತ್ತಿತ್ತು. ನಮ್ಮ ಊರುಗಳಲ್ಲಿ "ಅಂವ ಮುಲ್ಕಿ ಆಗ್ಯಾನ" ಅಂದರೆ ದೊಡ್ಡ ಮಾತು.

ಆದರೆ ಆ ಮುಲ್ಕಿಯನ್ನು ಇಂಗ್ಲಿಷ್ ಶಾಲೆಯ ಲೆಕ್ಕಕ್ಕೆ ತಿರುಗಿಸಲು ಹೋದರೆ ಅದರ ಬೆಲೆ ಬಿದ್ದುಹೋಗುತ್ತಿತ್ತು. ಏಳು ವರ್ಷ ಓದಿದ ಹುಡುಗ ಮತ್ತೆ ಕೆಳಗಿನ ಇಂಗ್ಲಿಷ್ ವರ್ಗದಲ್ಲಿ ತನಗಿಂತ ಸಣ್ಣವರ ಜೋಡಿ ಕೂಡಬೇಕು. ಗಣಿತ ಬರುತ್ತದೆ, ಇತಿಹಾಸ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಇಂಡಿ ಕಡೆಯ ಹಲಸಂಗಿಯ ಮಧುರಚೆನ್ನರು ಶಾಲೆಯಲ್ಲಿ ಓದಿದ್ದು ಮುಲ್ಕಿಯವರೆಗೆ. ಆಮೇಲೆ ಇಂಗ್ಲಿಷನ್ನು ತಾವೇ ಕಲಿತರು, ಅರವಿಂದರನ್ನು ಓದಿದರು, ಕನ್ನಡದ ದೊಡ್ಡ ಅನುಭಾವಿ ಕವಿ ಎನಿಸಿಕೊಂಡರು. ಅವರ ಗೆಳೆಯ, ಚಡಚಣದ ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರು. ಹಲಸಂಗಿ ಗೆಳೆಯರು ಕೂಡಿಸಿದ ಜನಪದ ಹಾಡುಗಳನ್ನು ಇವತ್ತು ಎಂ.ಎ. ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಅವರ ಸರ್ಟಿಫಿಕೇಟನ್ನು ಯಾವ ಕೋಷ್ಟಕದಲ್ಲಿಟ್ಟು ತಿರುಗಿಸಿದ್ದರೂ ಈ ಕೆಲಸದ ಗಾತ್ರ ಅದರಲ್ಲಿ ಕಾಣುತ್ತಿರಲಿಲ್ಲ. ಅಂದರೆ ಅಂಕ ಬದಲಾಯಿಸುವ ತಾಪತ್ರಯ ನಮ್ಮವರಿಗೆ ಅಮೆರಿಕಾದಿಂದ ಶುರುವಾಗಿದ್ದಲ್ಲ, ನಮ್ಮೂರ ಕನ್ನಡ ಸಾಲಿಯ ಬಾಗಿಲಲ್ಲೇ ಶುರುವಾಗಿತ್ತು.

ಇನ್ನೊಂದು ದಾರಿ ಹಿಡಿದವರಿಗೆ ಆ ತ್ರಾಸು ಇರಲಿಲ್ಲ. ಇಂಡಿ ತಾಲೂಕಿನ ನಿಂಬಾಳದಲ್ಲಿ ಆಶ್ರಮ ಕಟ್ಟಿದ ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು. 1902ರಲ್ಲಿ ಮ್ಯಾಟ್ರಿಕ್, 1914ರಲ್ಲಿ ಎಂ.ಎ., ಎರಡೂ ಮುಂಬಯಿ ವಿಶ್ವವಿದ್ಯಾಲಯದ್ದು. ಪುಣೆಯ ಫರ್ಗ್ಯುಸನ್ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜು, ಆಮೇಲೆ ಅಲಹಾಬಾದ್ ವಿಶ್ವವಿದ್ಯಾಲಯ, ಎಲ್ಲಿ ಹೋದರೂ ಆ ಎಂ.ಎ. ನಡೆಯಿತು. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಹಳ್ಳಿಯಿಂದ ಹೊರಟು ಕೇಂಬ್ರಿಜ್ ಮುಟ್ಟಿ ಗಣಿತದಲ್ಲಿ ರ್‍ಯಾಂಗ್ಲರ್ ಆದರು, ಮುಂದೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಆದರು. ಸಾಮ್ರಾಜ್ಯದ ಒಳಗೆ ಫಸ್ಟ್ ಕ್ಲಾಸ್ ಅಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಮುಂಬಯಿಯ ಮಾರ್ಕ್ಸನ್ನು ಯಾರೂ ನಾಲ್ಕಕ್ಕೆ ಇಳಿಸಿ ಕೊಡು ಅನ್ನುತ್ತಿರಲಿಲ್ಲ.

ಈಗ ಅಮೆರಿಕಾದ ಕಡೆ ಬರೋಣ. ಅಲ್ಲಿನ ಕತೆಯೇ ಬೇರೆ. 1785ರಲ್ಲಿ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ ಪರೀಕ್ಷೆಗೆ ಕೂತ 58 ಹುಡುಗರನ್ನು ಲ್ಯಾಟಿನ್ ಹೆಸರಿನ ನಾಲ್ಕು ಗುಂಪಾಗಿ ವಿಂಗಡಿಸಿ ತನ್ನ ದಿನಚರಿಯಲ್ಲಿ ಬರೆದುಕೊಂಡ: ಉತ್ತಮರು, ಎರಡನೆಯ ಉತ್ತಮರು, ಕೆಳಗಿನವರು, ಇನ್ನೂ ಕೆಳಗಿನವರು. ಅಲ್ಲಿ ಹುಡುಗರನ್ನು ದರ್ಜೆ ಹಚ್ಚಿದ ಹಳೆಯ ದಾಖಲೆಗಳಲ್ಲಿ ಇದೊಂದು. 1897ರಲ್ಲಿ ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜು ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳನ್ನು ಇಟ್ಟಿತು. ಆ ಪಟ್ಟಿ ನೋಡಿ: 95ರಿಂದ 100 ಬಂದರೆ ಎ. 85ರಿಂದ 94 ಬಿ. 76ರಿಂದ 84 ಸಿ. ಸರಿಯಾಗಿ 75 ಬಂದರೆ ಡಿ. 75ಕ್ಕಿಂತ ಕೆಳಗೆ ಬಂದರೆ ಫೇಲ್!

ನಮ್ಮಲ್ಲಿ 75 ಅಂದರೆ ಡಿಸ್ಟಿಂಕ್ಷನ್ ದಾಟಿ ಮೇಲೆ. ಅಲ್ಲಿ ಅದು ಕಟ್ಟೆಯ ಅಂಚು. ಅಲ್ಲಿ ಪಾಠ ಹೇಳಿದವನೇ ಪರೀಕ್ಷೆ ಮಾಡುತ್ತಾನೆ, ಅವನೇ ದರ್ಜೆ ಕೊಡುತ್ತಾನೆ. ಹೇಳಿಕೊಟ್ಟಿದ್ದನ್ನೇ ಕೇಳುತ್ತಾನೆ, ಮನೆಗೆಲಸಕ್ಕೆ, ಸಣ್ಣ ಟೆಸ್ಟಿಗೆ, ಪ್ರಾಜೆಕ್ಟಿಗೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕೊಡುತ್ತಾನೆ. ಹಾಗಾಗಿ ಸರಾಸರಿ ಹುಡುಗನ ಅಂಕವೇ ಎಂಬತ್ತರ ಸುತ್ತ ನಿಲ್ಲುತ್ತದೆ. ನಮ್ಮಲ್ಲಿ ಮೂರು ತಾಸಿನ ಒಂದು ಪರೀಕ್ಷೆ, ಎಂಟು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರ, ಆ ದಿನ ಜ್ವರ ಬಂದಿದ್ದರೆ ಅದೇ ನಿನ್ನ ಮಾರ್ಕ್ಸು.

ಅಂಕಿಯ ಮೇಲಿನ ನಂಬಿಕೆಯೂ ಅಲ್ಲಿ ಬೇಗ ಅಲುಗಾಡಿತು. 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಸಂಶೋಧಕರು ಒಂದೇ ಒಂದು ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿದರು. ಅದೇ ಪತ್ರಿಕೆಗೆ ಒಬ್ಬರು 28 ಹಾಕಿದ್ದರು, ಇನ್ನೊಬ್ಬರು 95. ಗಣಿತದಲ್ಲೇ ಹೀಗಾದರೆ ಉಳಿದದ್ದು ಕೇಳೋದೇ ಬೇಡ. ನೂರರಲ್ಲಿ ಒಂದೊಂದು ಅಂಕಕ್ಕೂ ಅರ್ಥ ಇದೆ ಎಂಬ ಹಟ ಅಲ್ಲಿ ಸಡಿಲವಾಗಲು ಇಂಥ ಅಧ್ಯಯನಗಳು ಕಾರಣವಾದವು. ಐದು ಅಕ್ಷರ ಸಾಕು, ಎಗೆ ನಾಲ್ಕು, ಬಿಗೆ ಮೂರು, ಹೀಗೆ ಸರಾಸರಿ ತೆಗೆದರೆ ಆಯಿತು ಎಂಬ ಪದ್ಧತಿ ಗಟ್ಟಿಯಾಯಿತು. ಅದೇ ಈ ಜಿಪಿಎ.

ಇವೆರಡೂ ಲೋಕಗಳು ಎದುರುಬದುರು ಆದದ್ದು ತಡವಾಗಿ. ಅಮೆರಿಕಾ ಭಾರತೀಯರಿಗೆ ಬಹಳ ವರ್ಷ ಬಾಗಿಲು ಹಾಕಿಕೊಂಡಿತ್ತು. 1946ರ ಕಾನೂನು ವರ್ಷಕ್ಕೆ 100 ಜನ ಭಾರತೀಯರು ಬಂದು ನೆಲೆಸಬಹುದು ಎಂದಿತು. 1965ರ ವಲಸೆ ಕಾನೂನು ಬಂದ ಮೇಲೆ ಡಾಕ್ಟರು, ಎಂಜಿನಿಯರುಗಳು ಹೋಗತೊಡಗಿದರು. ಈಗ ಅಲ್ಲಿನ ಪ್ರವೇಶ ವಿಭಾಗದವರ ಮೇಜಿನ ಮೇಲೆ ಧಾರವಾಡದ, ಪುಣೆಯ, ಮದ್ರಾಸಿನ ಮಾರ್ಕ್ಸ್ ಕಾರ್ಡುಗಳು ಬಂದು ಬಿದ್ದವು. ಅಲ್ಲಿನ ರಿಜಿಸ್ಟ್ರಾರರ ಸಂಘ 1910ರಿಂದಲೇ ಇತ್ತು. ಅದು ದೇಶಕ್ಕೊಂದರಂತೆ ಕೈಪಿಡಿ ಮಾಡಿ, ಯಾವ ದೇಶದ ಯಾವ ಪದವಿ ಏನು ಎಂದು ವಿವರಿಸಿತು. 1974ರಲ್ಲಿ ನ್ಯೂಯಾರ್ಕಿನಲ್ಲಿ ವರ್ಲ್ಡ್ ಎಜುಕೇಶನ್ ಸರ್ವಿಸಸ್ ಶುರುವಾಯಿತು, ನಮ್ಮ ಹುಡುಗರು 'ವೆಸ್' ಅನ್ನುತ್ತಾರಲ್ಲ, ಅದೇ. 1987ರಲ್ಲಿ ಇಂಥ ಸಂಸ್ಥೆಗಳದೇ ಒಂದು ಒಕ್ಕೂಟವೂ ಆಯಿತು.

ಇವರು ಕಂಡುಕೊಂಡ ಉಪಾಯ ಸರಳ. ಅಂಕಿಯನ್ನು ಅಂಕಿಗೆ ತಿರುಗಿಸಬೇಡಿ, ಜಾಗವನ್ನು ಜಾಗಕ್ಕೆ ತಿರುಗಿಸಿ. ಭಾರತದಲ್ಲಿ ಫಸ್ಟ್ ಕ್ಲಾಸ್ ಪಡೆದವನು ತನ್ನ ತರಗತಿಯಲ್ಲಿ ಎಲ್ಲಿ ನಿಲ್ಲುತ್ತಾನೋ, ಅಮೆರಿಕಾದಲ್ಲಿ ಆ ಜಾಗದಲ್ಲಿ ನಿಲ್ಲುವವನಿಗೆ ಏನು ಅಕ್ಷರ ಸಿಗುತ್ತದೋ, ಅದೇ ಇವನಿಗೂ. ಹಾಗಾಗಿ ಇಂಥ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ 60ರ ಮೇಲಿನ ಅಂಕಕ್ಕೆ ಎ, 50ರಿಂದ 60ರೊಳಗೆ ಬಿ ಸಾಲಿನ ಅಕ್ಷರ ಸಿಗುತ್ತದೆ. ಲೆಕ್ಕ ಒಂದೊಂದು ವಿಷಯಕ್ಕೂ ಬೇರೆ ಬೇರೆ. ಒಟ್ಟು 62 ಬಂದ ಹುಡುಗನಿಗೆ ಕೆಲವು ವಿಷಯದಲ್ಲಿ 70, ಕೆಲವರಲ್ಲಿ 52 ಇರುತ್ತದೆ. ಎಲ್ಲ ಸೇರಿಸಿದರೆ ಅವನು ಮೂರರ ಮೇಲೆ ಬರುವುದೇ ಹೆಚ್ಚು. 2.48 ಎಲ್ಲಿ, ಮೂರರ ಮೇಲೆ ಎಲ್ಲಿ? ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಕೋಷ್ಟಕ ಬದಲಾಗುತ್ತದೆ, ಆದರೆ ಕೆಲಸ ಗೊತ್ತಿದ್ದವರು ಯಾರೂ ನೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸುವುದಿಲ್ಲ.

ಮಜಾ ಏನೆಂದರೆ, ಅಮೆರಿಕಾದ ಪದ್ಧತಿ ನಮ್ಮ ಜಿಲ್ಲೆಗೂ ಯಾವಾಗಲೋ ಬಂದಿತ್ತು, ನಾವೇ ಗಮನಿಸಲಿಲ್ಲ. ಅದು ಎಂಜಿನಿಯರಿಂಗ್ ಬಾಗಿಲಿಂದ ಬರಲಿಲ್ಲ, ಒಕ್ಕಲುತನದ ಬಾಗಿಲಿಂದ ಬಂತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಅದಕ್ಕೆ ಮಾದರಿ ಅಮೆರಿಕಾದ ಲ್ಯಾಂಡ್ ಗ್ರಾಂಟ್ ಕಾಲೇಜುಗಳು, ನೆರವಿಗೆ ಬಂದದ್ದು ಟೆನೆಸ್ಸಿ ವಿಶ್ವವಿದ್ಯಾಲಯ. ಪಾಠ ಹೇಳಿದವನೇ ದರ್ಜೆ ಕೊಡುವ ರೀತಿ, ಕ್ರೆಡಿಟ್, ಗ್ರೇಡ್ ಪಾಯಿಂಟ್ ಎಲ್ಲ ಅದರ ಜೋಡಿ ಬಂದವು. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬೇರೆಯಾಯಿತು, ವಿಜಯಪುರದ ಕೃಷಿ ಕಾಲೇಜು ಅದರ ಕೆಳಗೇ ಇದೆ. ಹಾಗಾಗಿ ಒಂದೇ ಊರಿನ ಇಬ್ಬರು ಗೆಳೆಯರಲ್ಲಿ ಬಿ.ಎಸ್ಸಿ. ಅಗ್ರಿ ಓದಿದವನ ಕೈಯಲ್ಲಿ ಟೆನೆಸ್ಸಿ ಮನೆತನದ ಗ್ರೇಡ್ ಕಾರ್ಡು, ಬಿ.ಇ. ಓದಿದವನ ಕೈಯಲ್ಲಿ ಲಂಡನ್ ಮನೆತನದ ಮಾರ್ಕ್ಸ್ ಕಾರ್ಡು. ಇಬ್ಬರೂ ಒಂದೇ ಬಸ್ಸಿನಲ್ಲಿ ಇಂಡಿಗೆ ವಾಪಸ್ ಬರುತ್ತಿದ್ದರು.

ಎಂಜಿನಿಯರಿಂಗ್ ಕಡೆ ಬದಲಾವಣೆ ನಿಧಾನ. ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ಮೊದಲು ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದವು, 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಆದ ಮೇಲೆ ಅದರ ಕೆಳಗೆ ಬಂದವು. ನಾನು ಓದುವಾಗ ಒಂದು ವಿಷಯಕ್ಕೆ 125: ಪರೀಕ್ಷೆಗೆ ನೂರು, ಇಂಟರ್ನಲ್ಸಿಗೆ ಇಪ್ಪತ್ತೈದು. ಪರೀಕ್ಷೆಯಲ್ಲಿ 35 ಬಂದರೆ ದಡ. 70 ದಾಟಿದರೆ ಡಿಸ್ಟಿಂಕ್ಷನ್. 2015ರ ಸ್ಕೀಮಿನಿಂದ ಹತ್ತರ ಗ್ರೇಡ್ ಬಂತು. ಆದರೆ ನಮ್ಮ ಕಂಪನಿಗಳಿಗೆ, ಬ್ಯಾಂಕಿಗೆ, ನೆಂಟರಿಗೆ ಎಲ್ಲರಿಗೂ ಬೇಕಾದದ್ದು ಪರ್ಸೆಂಟೇಜ್. ಅದಕ್ಕೆ ವಿಟಿಯು ಒಂದು ಸೂತ್ರ ಕೊಟ್ಟಿತು: ಸಿಜಿಪಿಎಯಲ್ಲಿ 0.75 ಕಳೆದು ಹತ್ತರಿಂದ ಗುಣಿಸು. 7.75 ಇದ್ದರೆ 70 ಪರ್ಸೆಂಟ್. ಸಿಬಿಎಸ್‌ಇ ಹತ್ತನೆಯ ತರಗತಿಗೆ ಗ್ರೇಡ್ ಇಟ್ಟಾಗ ಅದರ ಸೂತ್ರ ಬೇರೆ: 9.5ರಿಂದ ಗುಣಿಸು.

ಈಗ ಅದೇ ಅರವತ್ತೆರಡನ್ನು ಮತ್ತೆ ನೋಡಿ. ವಿಟಿಯು ಸೂತ್ರ ತಿರುವಿದರೆ 62 ಪರ್ಸೆಂಟ್ ಅಂದರೆ 6.95 ಸಿಜಿಪಿಎ. ಅದನ್ನು ತ್ರೈರಾಶಿಯಿಂದ ನಾಲ್ಕಕ್ಕೆ ಇಳಿಸಿದರೆ 2.78. ಅದೇ ಹುಡುಗ, ಅದೇ ಓದು. ಪರ್ಸೆಂಟಿನಿಂದ ಹೊರಟರೆ 2.48, ಸಿಜಿಪಿಎಯಿಂದ ಹೊರಟರೆ 2.78, ಜಾಗದ ಲೆಕ್ಕದಲ್ಲಿ ಮೂರರ ಮೇಲೆ. ಮೌಂಟ್ ಹೋಲಿಯೋಕಿನ ಹಳೆಯ ಪಟ್ಟಿಯಲ್ಲಾದರೆ ಫೇಲ್.

ಆ ಕಡೆಯ ಕೋಷ್ಟಕಗಳಿಗೂ ಒಂದು ದೋಷ ಇದೆ. ಅವು ಹುಟ್ಟಿದಾಗ ನಮ್ಮಲ್ಲಿ ಅರವತ್ತು ನಿಜಕ್ಕೂ ಅಪರೂಪ. ಈಗ ಹಾಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625, ಕನ್ನಡ ಪ್ರಥಮ ಭಾಷೆಯಾದರೆ ಅದಕ್ಕೇ 125. 2022ರಲ್ಲಿ 145 ಮಕ್ಕಳು 625ಕ್ಕೆ 625 ತೆಗೆದರು. ಭಾಷೆಯಲ್ಲಿ ಪೂರ್ತಿ ಅಂಕ! ಹಳೆಯ ಮುಂಬಯಿ ಪರೀಕ್ಷಕರಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಇತ್ತ 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿದಾಗ ಫಲಿತಾಂಶ ಕುಸಿದು, ಶೇಕಡಾ 20ರಷ್ಟು ಕೃಪಾಂಕ ಕೊಡಬೇಕಾಯಿತು. ಬಂಕಿಮರ ಗ್ರೇಸ್ ಮಾರ್ಕ್ಸ್ 166 ವರ್ಷದ ಮೇಲೂ ನಮ್ಮ ಜೋಡಿಯೇ ಇದೆ. ಅರವತ್ತು ಎಲ್ಲರಿಗೂ ಸಿಗತೊಡಗಿದರೆ ಅದನ್ನು ಎ ಎಂದು ಎಷ್ಟು ದಿನ ಒಪ್ಪುತ್ತಾರೆ? ಆಗ ಅವರು ಕಾಲೇಜಿನ ಹೆಸರು ನೋಡುತ್ತಾರೆ, ಹೆಸರಿಲ್ಲದ ತಾಲೂಕಿನ ಕಾಲೇಜಿನವನಿಗೆ ಪೆಟ್ಟು ಬೀಳುತ್ತದೆ.

ಇನ್ನೊಂದು ಗಂಟು ವರ್ಷಗಳದ್ದು. ಅವರ ಲೆಕ್ಕ ಹನ್ನೆರಡು ಕೂಡಿಸು ನಾಲ್ಕು, ಹದಿನಾರು ವರ್ಷ. ಹಳೆಯ ಮುಂಬಯಿ ದಾರಿಯಲ್ಲಿ ಮ್ಯಾಟ್ರಿಕ್ಕಿಗೆ ಹನ್ನೊಂದು, ಬಿ.ಎ.ಗೆ ನಾಲ್ಕು, ಒಟ್ಟು ಹದಿನೈದು. ಈಗಿನ ಹತ್ತು, ಎರಡು, ಮೂರು ಕೂಡಿಸಿದರೂ ಹದಿನೈದೇ. ಬಿ.ಇ.ಯವರಿಗೆ ನಾಲ್ಕು ವರ್ಷ ಇರೋದರಿಂದ ಹದಿನಾರು ತುಂಬುತ್ತದೆ, ಬಾಗಿಲು ತೆರೆಯುತ್ತದೆ. ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಬಿ.ಎಸ್ಸಿ. ಮುಗಿಸಿದ ಜಾಣ ಹುಡುಗಿಗೆ ಒಂದು ವರ್ಷ ಕಡಿಮೆ ಬೀಳುತ್ತದೆ. ಕೆಲವು ಕಡೆ ಒಪ್ಪುತ್ತಾರೆ, ಬಹಳ ಕಡೆ ಎಂ.ಎಸ್ಸಿ. ಮಾಡಿಕೊಂಡು ಬಾ ಅನ್ನುತ್ತಾರೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಹೋಯಿತು. ಮೂರು ವರ್ಷ ಇರಬೇಕೋ ನಾಲ್ಕು ಇರಬೇಕೋ ಎಂಬ ಚರ್ಚೆಗೆ ಬಡವರ ಖರ್ಚಿನ ಪ್ರಶ್ನೆಯೂ ಇದೆ, ಅದು ಸಣ್ಣದಲ್ಲ. ಆದರೆ ಇದನ್ನು ತೀರ್ಮಾನಿಸುವವರು ನಮ್ಮ ಬಿ.ಎಸ್ಸಿ. ಹುಡುಗಿಯ ಹದಿನೈದನ್ನೂ ಒಮ್ಮೆ ನೆನೆಯಬೇಕು.

ಇಷ್ಟೆಲ್ಲ ಹೇಳಿ ಕೊನೆಗೆ ಫೋನು ಮಾಡಿದವರಿಗೆ ನಾನು ಹೇಳೋದು ಇಷ್ಟು. ಅರ್ಜಿಯಲ್ಲಿ ಮೊದಲು ಸೂಚನೆ ಓದು ತಮ್ಮಾ. ಬಹಳ ವಿಶ್ವವಿದ್ಯಾಲಯಗಳು 'ನಿಮ್ಮ ಅಂಕ ಹೇಗಿದೆಯೋ ಹಾಗೇ ಬರೆಯಿರಿ, ತಿರುಗಿಸಬೇಡಿ' ಎಂದೇ ಹೇಳಿರುತ್ತವೆ. ಅಂಥಲ್ಲಿ 100ಕ್ಕೆ 62 ಎಂದು ಬರೆ, ಅಥವಾ 10ಕ್ಕೆ 6.95 ಎಂದು ಬರೆ. ಎರಡನ್ನೂ ಬೆರೆಸಬೇಡ. ಮಾರ್ಕ್ಸ್ ಕಾರ್ಡಿನಲ್ಲಿ ಫಸ್ಟ್ ಕ್ಲಾಸ್ ಎಂದಿದ್ದರೆ ಆ ಮಾತೂ ಅರ್ಜಿಯಲ್ಲಿ ಬರಲಿ, ಅದು ಬರೀ ಅಲಂಕಾರ ಅಲ್ಲ. ತರಗತಿಯಲ್ಲಿ ಎಷ್ಟನೆಯವ ಎಂದು ಕಾಲೇಜಿನಿಂದ ಬರೆಸಿಕೊಳ್ಳಲು ಆದರೆ ಬರೆಸಿಕೊ. ವೆಸ್ ಬೇಕು ಎಂದು ಅವರು ಕೇಳಿದರೆ ಮಾತ್ರ ಅದಕ್ಕೆ ದುಡ್ಡು ಹಾಕು. ಟ್ರಾನ್ಸ್‌ಕ್ರಿಪ್ಟಿನ ಕೆಲಸ ಮೊದಲೇ ಶುರು ಮಾಡು, ನಮ್ಮ ಊರುಗಳಿಂದ ಬೆಳಗಾವಿಗೆ ಹೋಗಿಬರುವುದೇ ಎರಡು ದಿನದ ಮಾತು.

ಒಂದೊಂದು ಅರ್ಜಿಗೂ ಸಾವಿರಾರು ರೂಪಾಯಿ. ಮುಂದೆ ಸಾಲಕ್ಕೆ ಅಪ್ಪನ ಹೊಲದ ಉತಾರ ಬ್ಯಾಂಕಿಗೆ ಹೋಗುತ್ತದೆ. ಹೋಗುವುದು ಬೇಡ ಎನ್ನಲು ನೂರು ಕಾರಣ ಇರಬಹುದು: ಖರ್ಚು, ವೀಸಾ, ಮನೆಯ ಪರಿಸ್ಥಿತಿ. ಅವನ್ನೆಲ್ಲ ಮನೆಯಲ್ಲಿ ಕೂತು ಮಾತಾಡಿ, ಬೇಡ ಅನಿಸಿದರೆ ಬಿಡಿ. ಆದರೆ 2.48 ಎಂಬ ಅಂಕಿ ನೋಡಿ ಬಿಡಬೇಡಿ. ಆ ಅಂಕಿಯನ್ನು ಯಾವ ವಿಶ್ವವಿದ್ಯಾಲಯವೂ ನಿಮಗೆ ಕೊಟ್ಟಿಲ್ಲ.